ಬೆಳಕಿನ ಬೇಲಿಗೆ ತಡಮೆ

(ಪುಣೆಯಲ್ಲಿ ನೆಲೆಸಿರುವ ಕನ್ನಡಿಗ ಗೆಳೆಯರ ಭಾನುವಾರದ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಮೇಜಿನ ಮೇಲೆ ಮಾಡಿ ತೋರಿಸಿದ್ದನ್ನು ಇಲ್ಲಿ ಬರೆದು ತೋರಿಸಬೇಕಾಗಿರುವುದರಿಂದ ಕೆಲವು ಕಡೆ ಮಾತು ಉದ್ದವಾಗಿದೆ.)

ಪುಣೆಯ ಭೋಸರಿಯಲ್ಲಿ ತಗಡು ಒತ್ತಿ ಸಾಮಾನು ಮಾಡುವ ಯಾವುದೇ ಪ್ರೆಸ್ ಶಾಪಿಗೆ ಹೋಗಿ ‘ಬ್ಲ್ಯಾಂಕಿಂಗ್’ ಎಂದು ಹೇಳಿ ನೋಡಿ. ಮಷಿನ್ನಿಗೆ ಅಚ್ಚು ಕಟ್ಟಿ ಹೊಂದಿಸುವ ಸೆಟ್ಟರ್ ನಿಮ್ಮನ್ನು ಕರೆದುಕೊಂಡು ಹೋಗಿ ತಗಡು ಕತ್ತರಿಸುವ ಮಷಿನ್ನಿನ ಎದುರು ನಿಲ್ಲಿಸುತ್ತಾನೆ. ಅವನ ಮಟ್ಟಿಗೆ ಅದು ಹಾಳೆಯಿಂದ ಬಿಲ್ಲೆ ಕತ್ತರಿಸುವ ಕೆಲಸ. ಬ್ಲ್ಯಾಂಕಿಂಗ್, ಪಿಯರ್ಸಿಂಗ್, ಫಾರ್ಮಿಂಗ್ ಎಂದು ದಿನವೂ ಬಾಯಲ್ಲಿ ಆಡುವ ಮಾತುಗಳಲ್ಲಿ ಮೊದಲನೆಯದು. ಹದಿನೆಂಟು ವರ್ಷಗಳ ಹಿಂದೆ ಸುರಕ್ಷತಾ ಉಪಕರಣಗಳ ಕೆಲಸಕ್ಕೆ ಹೊಸದಾಗಿ ಸೇರಿದ್ದ ನಾನು ಒಂದು ಪ್ರೆಸ್ಸಿನ ಮುಂದೆ ನಿಂತು, “ಇದರಲ್ಲಿ ಬ್ಲ್ಯಾಂಕಿಂಗ್ ಇದೆಯೇ?” ಎಂದು ಕೇಳಿದೆ. “ಇಲ್ಲ ಸಾಹೇಬರೇ, ಇದರಲ್ಲಿ ಬೆಂಡಿಂಗ್ ಮಾತ್ರ. ಬ್ಲ್ಯಾಂಕಿಂಗ್ ಆ ಮೂಲೆಯಲ್ಲಿ” ಎಂಬ ಉತ್ತರ ಬಂತು. ನಾನು ನನ್ನ ಹಾಳೆಯಲ್ಲಿ ‘ಬ್ಲ್ಯಾಂಕಿಂಗ್ ಇಲ್ಲ’ ಎಂದು ಬರೆದುಕೊಂಡು ಮುಂದಿನ ಮಷಿನ್ನಿಗೆ ನಡೆದೆ.

ಇತ್ತು. ನಾನು ಕೇಳಿದ ಅರ್ಥದ ಬ್ಲ್ಯಾಂಕಿಂಗ್, ಅಂದರೆ ಕೈ ಕಾಯುವ ಬೆಳಕಿನ ಪರದೆಯ ಕೆಲವು ಕಿರಣಗಳಿಗೆ ಕೊಡುವ ವಿನಾಯಿತಿ, ಆ ಪ್ರೆಸ್ಸಿನ ಪರದೆಯಲ್ಲಿ ಇತ್ತು, ಎರಡು ಕಿರಣಗಳಷ್ಟು. ಅದು ತಿಳಿದದ್ದು ಆರು ತಿಂಗಳ ಮೇಲೆ, ಇನ್ನೊಬ್ಬರು ಬಂದು ಒಂದು ಕೋಲನ್ನು ಪರದೆಯೊಳಗೆ ತೂರಿಸಿ ನೋಡಿದಾಗ. ನಡುವಿನ ಆರು ತಿಂಗಳಲ್ಲಿ ಯಾರ ಬೆರಳೂ ಹೋಗಲಿಲ್ಲ, ಆದರೆ ಅದಕ್ಕೆ ನನ್ನ ಜಾಣ್ಮೆ ಕಾರಣವಲ್ಲ. ಇವತ್ತು ನಾನು ಹೇಳಬೇಕಾದದ್ದೆಲ್ಲ ಆ ಒಂದು ಪ್ರೆಸ್ಸಿನ ಸುತ್ತಲೇ ಇದೆ.

ಇಲ್ಲಿ ಕುಳಿತವರಲ್ಲಿ ಚಾಕಣ, ತಳೇಗಾಂವ್, ರಾಂಜಣಗಾಂವ್ ಕಡೆಯ ಕಾರ್ಖಾನೆಗಳಲ್ಲಿ ದುಡಿಯುವವರು ಅರ್ಧಕ್ಕಿಂತ ಹೆಚ್ಚು. ಮಿಕ್ಕವರಿಗಾಗಿ ಬೆಳಕಿನ ಪರದೆಯ ಬಗ್ಗೆ ಎರಡು ಮಾತು. ಪ್ರೆಸ್ಸಿನ ಬಾಯಿಯ ಎಡಕ್ಕೊಂದು, ಬಲಕ್ಕೊಂದು ಕಂಬ. ಒಂದು ಕಂಬದಿಂದ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು ಒಂದರ ಮೇಲೊಂದು ಸಾಲಾಗಿ ಹೊರಟು ಇನ್ನೊಂದು ಕಂಬವನ್ನು ಸೇರುತ್ತವೆ. ನಡುವೆ ಕೈ ಬಂದು ಒಂದೇ ಒಂದು ಕಿರಣ ಕಡಿದರೂ ರಿಸೀವರ್ ಕಂಬದ ಎರಡು ಔಟ್‌ಪುಟ್‌ಗಳು ಆರುತ್ತವೆ, ಕ್ಲಚ್ ಬಿಡುತ್ತದೆ, ಬ್ರೇಕ್ ಹಿಡಿಯುತ್ತದೆ. ಔಟ್‌ಪುಟ್ ಎರಡು ಏಕೆಂದರೆ, ಒಂದು ಕೆಟ್ಟು ಹೋದರೂ ಇನ್ನೊಂದು ಮಷಿನ್ ನಿಲ್ಲಿಸಬೇಕು. ಜರ್ಮನಿಯ ಎರ್ವಿನ್ ಸಿಕ್ 1950ರ ದಶಕದ ಆರಂಭದಲ್ಲಿ ಇಂತಹ ಪರದೆಯನ್ನು ರೂಪಿಸಿದರು. ಇವತ್ತು ಇದರ ರಚನೆಗೆ ಐಇಸಿ 61496 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಪ್ರೆಸ್ಸಿನಂತಹ ಅಪಾಯದ ಮಷಿನ್ನಿಗೆ ಅದರಲ್ಲಿ ಹೇಳಿದ ಟೈಪ್ 4 ಪರದೆಯೇ ಬೇಕು.

ಒಂದು ಎಚ್ಚರಿಕೆಯನ್ನು ಈಗಲೇ ಹೇಳಿಬಿಡುತ್ತೇನೆ. ಕೀಲಿ ಕ್ಲಚ್ಚಿನ ಹಳೆಯ ಪವರ್ ಪ್ರೆಸ್‌ಗಳಿವೆಯಲ್ಲ, ಪೆಡಲ್ ಒತ್ತಿದರೆ ಒಂದು ಸುತ್ತು ಪೂರ್ತಿ ಮುಗಿಸಿಯೇ ನಿಲ್ಲುವಂಥವು, ಅವುಗಳಿಗೆ ಪರದೆ ಕಟ್ಟುವುದು ದೃಷ್ಟಿಬೊಟ್ಟು ಇಟ್ಟಂತೆ. ಕೈ ಬಂದದ್ದು ಪರದೆಗೆ ಗೊತ್ತಾಗುತ್ತದೆ, ಆದರೆ ನಡುವೆ ನಿಲ್ಲುವುದು ಆ ಪ್ರೆಸ್ಸಿಗೆ ಗೊತ್ತಿಲ್ಲ. ಅಂತಹ ಮಷಿನ್ನಿನ ಮೇಲೆ ಹಸಿರು ದೀಪ ಉರಿಯುತ್ತಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಮುಂದೆ ಹೇಳುವುದೆಲ್ಲ ಸ್ಟ್ರೋಕ್‌ನ, ಅಂದರೆ ಒಂದು ಏರಿಳಿತದ, ಯಾವ ಹಂತದಲ್ಲಾದರೂ ನಿಲ್ಲಬಲ್ಲ, ಗಾಳಿ ಒತ್ತಡದ ಕ್ಲಚ್ ಮತ್ತು ಬ್ರೇಕ್ ಇರುವ ಪ್ರೆಸ್‌ಗಳ ಮಾತು.

ಅಡುಗೆಮನೆಯ ಲೆಕ್ಕದಲ್ಲಿ ಈ ಪರದೆ ಒಂದು ಜರಡಿ. ಹಿಟ್ಟಿನ ಸಾಣಿಗೆಗೆ ಒಂದು ಕಣ್ಣು, ಜೋಳ ಸಾಣಿಸುವ ಜರಡಿಗೆ ಇನ್ನೊಂದು ಕಣ್ಣು. ಪರದೆಯ ಕಣ್ಣಿನ ಅಳತೆಗೆ ರೆಸಲ್ಯೂಶನ್ ಎನ್ನುತ್ತೇವೆ. ಇಷ್ಟು ದಪ್ಪದ ವಸ್ತು ಎಲ್ಲಿ ತೂರಿದರೂ ಸಿಕ್ಕಿಬೀಳುತ್ತದೆ ಎಂಬ ಭರವಸೆ ಅದು. 14 ಮಿಲಿಮೀಟರ್ ಇದ್ದರೆ ಬೆರಳು ಸಿಕ್ಕುತ್ತದೆ, 30 ಇದ್ದರೆ ಅಂಗೈ ಸಿಕ್ಕುತ್ತದೆ. ಎರಡು ಕಿರಣಗಳ ನಡುವಿನ ಅಂತರಕ್ಕೆ ಲೆನ್ಸಿನ ವ್ಯಾಸವನ್ನು ಕೂಡಿಸಿದರೆ ಈ ಸಂಖ್ಯೆ ಬರುತ್ತದೆ. ನಾನು ಮೇಜಿನ ಮೇಲೆ ನಿಲ್ಲಿಸಿರುವ ಈ ಗಿಡ್ಡ ಪರದೆಯಲ್ಲಿ ಅಂತರ 10, ಲೆನ್ಸ್ 4, ಒಟ್ಟು 14.

ಈಗ ಜರಡಿಗೆ ಏಕೆ ತೂತು ಮಾಡಬೇಕಾಗುತ್ತದೆ? ಏಕೆಂದರೆ ಕಾರ್ಖಾನೆಯಲ್ಲಿ ಕೈ ಮಾತ್ರವಲ್ಲ, ಕೆಲಸದ ಸಾಮಾನೂ ಆ ಪರದೆಯ ಮೂಲಕವೇ ಹೋಗಬೇಕು. ಡೈ ಎಂಬ ಅಚ್ಚಿನ ಕೆಳಗಿನಿಂದ ಹೊರಚಾಚಿದ ಷೂಟ್, ಅಂದರೆ ತಯಾರಾದ ತುಂಡು ಜಾರಿ ಬರುವ ಇಳಿಜಾರು ದೋಣಿ, ಇರುತ್ತದೆ. ಬಗ್ಗಿಸುವಾಗ ಮೇಲಕ್ಕೆ ಏಳುವ ತಗಡಿನ ತುದಿ ಇರುತ್ತದೆ. ಇವು ಕಿರಣ ಕಡಿದಾಗಲೆಲ್ಲ ಪ್ರೆಸ್ ನಿಂತರೆ ದಿನಕ್ಕೆ ಹತ್ತು ತುಂಡೂ ಬೀಳುವುದಿಲ್ಲ. ಆದ್ದರಿಂದ ಕೆಲವು ಕಿರಣಗಳಿಗೆ ‘ನೀವು ಕಡಿದರೂ ಪರವಾಗಿಲ್ಲ’ ಎಂದು ವಿನಾಯಿತಿ ಕೊಡುತ್ತೇವೆ. ಆ ವಿನಾಯಿತಿಯೇ ಬ್ಲ್ಯಾಂಕಿಂಗ್.

ನಾನು ಶಿರಸಿ ಕಡೆಯವನು. ನಮ್ಮಲ್ಲಿ ತೋಟದ ಬೇಲಿಗೆ ತಡಮೆ ಇಡುತ್ತಾರೆ. ಕವಲು ಕೊಂಬೆಯನ್ನೋ ಅಡ್ಡಗೂಟವನ್ನೋ ಹೂಡಿ ಮನುಷ್ಯ ದಾಟುವಂತೆ, ದನ ದಾಟದಂತೆ ಮಾಡುವ ಕಿಂಡಿ ಅದು. ಅದನ್ನು ಇಡುವುದಕ್ಕೆ ಕೈ ಪಳಗಿರಬೇಕು. ಸ್ವಲ್ಪ ಅಗಲವಾದರೆ ಕರು ನುಗ್ಗುತ್ತದೆ, ಕಿರಿದಾದರೆ ಹುಲ್ಲುಹೊರೆ ಸಿಕ್ಕಿಕೊಳ್ಳುತ್ತದೆ. ಬ್ಲ್ಯಾಂಕಿಂಗ್ ಅಂತಹ ತಡಮೆ. ತಗಡು ದಾಟಬೇಕು, ಕೈ ದಾಟಬಾರದು. 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಕಲಮಿನ ಹೆಸರೇ ಯಂತ್ರಗಳಿಗೆ ಬೇಲಿ ಹಾಕುವುದು ಎಂದಿತ್ತು. ಆದ್ದರಿಂದ ಈ ಹೋಲಿಕೆ ನನ್ನ ತೋಟದ ಹಂಬಲದಿಂದ ಬಂದದ್ದು ಮಾತ್ರವಲ್ಲ.

ತಡಮೆಯಲ್ಲಿ ಎರಡು ಬಗೆ. ಒಂದು ಕಡೆ ನಿಂತದ್ದು, ಇನ್ನೊಂದು ತೇಲುವಂಥದ್ದು. ಮಷಿನ್ನಿಗೆ ಬೋಲ್ಟ್ ಹಾಕಿದ ಷೂಟ್‌ನಂತಹ ಅಲ್ಲಾಡದ ವಸ್ತುವಿಗೆ ಸ್ಥಿರ ಬ್ಲ್ಯಾಂಕಿಂಗ್. ಇಂತಿಷ್ಟನೆಯ ಕಿರಣದಿಂದ ಇಂತಿಷ್ಟನೆಯ ಕಿರಣದವರೆಗೆ ಎಂದು ಅದಕ್ಕೆ ಕಲಿಸುತ್ತೇವೆ. ಏಳುವ, ಇಳಿಯುವ ತಗಡಿಗೆ ತೇಲು ಬ್ಲ್ಯಾಂಕಿಂಗ್. ಎಲ್ಲಿ ಬೇಕಾದರೂ ಸರಿ, ಅಕ್ಕಪಕ್ಕದ ಎರಡು ಕಿರಣ ಕಡಿದರೆ ಸುಮ್ಮನಿರು ಎಂದು ಹೇಳುತ್ತೇವೆ.

ಸ್ಥಿರ ಬಗೆಯನ್ನು ಮೊದಲು ಮೇಜಿನ ಮೇಲೆ ತೋರಿಸಿದೆ. ಎರಡು ಕಂಬಗಳ ನಡುವೆ ಸುಮಾರು ಒಂದು ಮೀಟರ್ ಅಂತರ. ಬಹಳಷ್ಟು ಪರದೆಗಳಲ್ಲಿ ಒಂದು ತುದಿಯ ಕಿರಣ ಎರಡು ಕಂಬಗಳ ತಾಳ ಹೊಂದಿಸುವುದಕ್ಕೆ ಮೀಸಲು. ಆ ಸಿಂಕ್ ಕಿರಣವನ್ನು ಮುಚ್ಚಿದರೆ ಪರದೆಯೇ ಕೆಲಸ ಮಾಡುವುದಿಲ್ಲ, ಅದಕ್ಕೆ ಬ್ಲ್ಯಾಂಕಿಂಗ್ ಸಲ್ಲುವುದೂ ಇಲ್ಲ. ಹಾಗಾಗಿ ಆ ತುದಿ ಮೇಲೆ ಬರುವಂತೆ ಕಂಬಗಳನ್ನು ತಲೆಕೆಳಗಾಗಿ ನಿಲ್ಲಿಸಿದ್ದೆ. ಕಾರ್ಖಾನೆಯಲ್ಲಿ ಇದನ್ನು ಮರೆತು, ಷೂಟ್ ಬರುವ ಕಡೆಗೇ ಆ ತುದಿಯನ್ನು ಇಟ್ಟು, ಅರ್ಧ ದಿನ ತಲೆ ಕೆರೆದುಕೊಂಡವರನ್ನು ಬಲ್ಲೆ. ಅವರಲ್ಲಿ ನಾನೂ ಒಬ್ಬ.

ಟ್ರಾನ್ಸ್‌ಮಿಟರ್ ಕಂಬದ ಪಕ್ಕದಲ್ಲೇ ಪಿಂಗಾಣಿಯ ಚಹಾ ಕಪ್ಪನ್ನು ಇಟ್ಟೆ. ದೀಪ ಕೆಂಪಾಯಿತು. ಕೀಲಿ ತಿರುಗಿಸಿ ಕಲಿಸುವ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದೆ. ಕಪ್ಪಿನ ಎತ್ತರದಷ್ಟು ಕಿರಣಗಳನ್ನು ಪರದೆ ನೆನಪಿಟ್ಟುಕೊಂಡಿತು, ದೀಪ ಹಸಿರಾಯಿತು, ಪಕ್ಕದಲ್ಲಿ ಬ್ಲ್ಯಾಂಕಿಂಗ್ ಇದೆ ಎಂದು ಹೇಳುವ ಹಳದಿ ದೀಪ ಮಿಣುಕತೊಡಗಿತು. ಮುಂದಿನ ಸಾಲಿನಲ್ಲಿದ್ದ ಒಬ್ಬರನ್ನು ಕರೆದು ಕಪ್ ಎತ್ತಿಕೊಳ್ಳಲು ಹೇಳಿದೆ. ಎತ್ತಿದ ಕೂಡಲೇ ಕೆಂಪು. ಇದು ಸ್ಥಿರ ಬ್ಲ್ಯಾಂಕಿಂಗ್‌ನ ಒಳ್ಳೆಯ ಗುಣ. ಇರಬೇಕಾದ ವಸ್ತು ಇಲ್ಲವಾದರೆ ಅದು ಕಿಂಡಿ ತೆರೆದಿದೆ ಎಂದು ತಿಳಿದು ಮಷಿನ್ ನಿಲ್ಲಿಸುತ್ತದೆ. ಸಭೆಯಲ್ಲಿ ತಲೆಗಳು ಆಡಿದವು.

ಕಪ್ಪನ್ನು ಮತ್ತೆ ಅದೇ ಜಾಗದಲ್ಲಿ ಇಡಿಸಿದೆ. ಹಸಿರು. “ಈಗ ಆ ಕಡೆಯ ಕಂಬದ ಹತ್ತಿರ, ಮೇಜಿಗೆ ತಾಗಿಸಿ, ಅಂಗೈಯನ್ನು ಚಪ್ಪಟೆಯಾಗಿ ಒಳಗೆ ತೂರಿಸಿ” ಎಂದೆ. ಅವರು ತೂರಿಸಿದರು. ಮಣಿಕಟ್ಟಿನ ಆಚೆಯವರೆಗೂ ಕೈ ಹೋಯಿತು. ದೀಪ ಹಸಿರಾಗಿಯೇ ಇತ್ತು.

ಯಾರೂ ಮಾತನಾಡಲಿಲ್ಲ. ಕಪ್ ಇದ್ದದ್ದು ಎಡ ತುದಿಯಲ್ಲಿ, ಕೈ ಹೋದದ್ದು ಬಲ ತುದಿಯಲ್ಲಿ. ಪರದೆಗೆ ಎತ್ತರ ಮಾತ್ರ ತಿಳಿಯುತ್ತದೆ, ಅಗಲ ತಿಳಿಯುವುದಿಲ್ಲ. ಕಿರಣವನ್ನು ಎಂಟು ಸೆಂಟಿಮೀಟರ್ ಅಗಲದ ಕಪ್ ತಡೆದರೂ ಒಂದೇ, ಒಂದು ಮೀಟರ್ ಅಗಲದ ಹಲಗೆ ತಡೆದರೂ ಒಂದೇ. ಆಚೆ ಕಂಬಕ್ಕೆ ಬೀಳುವುದು ಅದೇ ನೆರಳು. ಕಪ್ಪಿನಿಂದಾಚೆಗೆ ಉಳಿದ ತೊಂಬತ್ತು ಸೆಂಟಿಮೀಟರ್ ಪೂರ್ತಿ ತೆರೆದ ಬಾಗಿಲು.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಒಂದು ಕಾರ್ಖಾನೆಯಲ್ಲಿ ಷೂಟ್ ಇರುವ ಡೈ ಒಂದು, ಷೂಟ್ ಇಲ್ಲದ ಡೈ ಇನ್ನೊಂದು, ವಾರಕ್ಕೆ ಮೂರು ಸಲ ಅದಲು ಬದಲು. ಷೂಟ್ ಬಿಚ್ಚಿದ ಕೂಡಲೇ ಕೆಂಪು ದೀಪ. ಪ್ರತಿ ಸಲ ಕೀಲಿ ಇರುವ ಸೂಪರ್‌ವೈಸರ್‌ನನ್ನು ಹುಡುಕಿ ಕರೆತರುವುದು ಯಾರಿಗೆ ಬೇಕಾಗಿದೆ? ಸೆಟ್ಟರ್ ಒಂದು ಕಟ್ಟಿಗೆ ತುಂಡನ್ನು ಷೂಟ್‌ನ ಎತ್ತರಕ್ಕೆ ಸರಿಯಾಗಿ ಕೊಯ್ದು, ಕಂಬದ ಬುಡದಲ್ಲಿ ನಿಲ್ಲಿಸಿಬಿಟ್ಟಿದ್ದ. ಹೊಲದಲ್ಲಿ ಬೆದರುಬೊಂಬೆ ನಿಂತ ಹಾಗೆ ಅದು ಷೂಟ್‌ನ ವೇಷ ಹಾಕಿಕೊಂಡು ನಿಂತಿತ್ತು. ಎಷ್ಟು ದಿನದಿಂದ ಎಂದು ಕೇಳಿದೆ. ಎರಡು ಬದಿಗೂ ಎಣ್ಣೆ ಹಿಡಿದು ಕಪ್ಪಾಗಿದ್ದ ಆ ತುಂಡೇ ಉತ್ತರ ಹೇಳುತ್ತಿತ್ತು. ಸೆಟ್ಟರ್ ಕೆಟ್ಟವನಲ್ಲ, ದಡ್ಡನಂತೂ ಅಲ್ಲವೇ ಅಲ್ಲ. ಪರದೆ ಏನನ್ನು ನೋಡುತ್ತದೆ ಎಂಬುದು ಅವನಿಗೆ ನನ್ನಷ್ಟೇ ಚೆನ್ನಾಗಿ ತಿಳಿದಿತ್ತು. ಎರಡು ಡೈಗಳಿಗೆ ಎರಡು ಬೇರೆ ವ್ಯವಸ್ಥೆಗಳನ್ನು ಮೊದಲೇ ಕಲಿಸಿಟ್ಟು, ಡೈ ಬದಲಾದಾಗ ಸುರಕ್ಷಿತವಾಗಿ ಬದಲಿಸಬಹುದಾದ ಪರದೆಗಳು ಸಿಗುತ್ತವೆ. ಅಂಥದ್ದನ್ನು ಕೊಡದೆ ಬರಿಯ ಕೀಲಿಯನ್ನು ಮಾತ್ರ ಜೇಬಿನಲ್ಲಿ ಇಟ್ಟುಕೊಂಡವರ ತಪ್ಪು ಅದು.

ಹಾಗಾದರೆ ಸ್ಥಿರ ಬ್ಲ್ಯಾಂಕಿಂಗ್ ಹಾಕುವಾಗ ಕಲಿಸುವ ಗುಂಡಿಗಿಂತ ಮೊದಲು ಕೈಗೆ ಬರಬೇಕಾದದ್ದು ಅಳತೆಯ ಟೇಪು. ಕಂಬದಿಂದ ಕಂಬಕ್ಕೆ ಎಷ್ಟು, ಅದರಲ್ಲಿ ವಸ್ತು ತುಂಬುವುದು ಎಷ್ಟು, ಎಡಬಲಕ್ಕೆ ಉಳಿಯುವುದು ಎಷ್ಟು. ಉಳಿದದ್ದಕ್ಕೆಲ್ಲ ತಗಡು ಮುಚ್ಚಬೇಕು. ಬೆಳಕು ಕಾಯದ ಕಡೆ ಕಬ್ಬಿಣ ಕಾಯಬೇಕು, ಬೇರೆ ದಾರಿ ಇಲ್ಲ. ಷೂಟ್ ಹೊಳೆಯುವ ಸ್ಟೇನ್‌ಲೆಸ್ ಆಗಿದ್ದರೆ ಅದಕ್ಕೆ ಮಂಕು ಬಣ್ಣ ಬಳಿಯಬೇಕು. ಏಕೆಂದರೆ ಹೊಳಪಿನ ಮೈಗೆ ತಾಗಿದ ಕಿರಣ ಕೈಯನ್ನು ತಪ್ಪಿಸಿ ಸುತ್ತಿಕೊಂಡು ಆಚೆ ಕಂಬವನ್ನು ಸೇರಬಲ್ಲದು. ಟೈಪ್ 4 ಪರದೆಯಲ್ಲಿ ಕಂಬಗಳ ನಡುವೆ ಮೂರು ಮೀಟರ್‌ವರೆಗಿನ ಅಂತರಕ್ಕೆ, ಹೊಳೆಯುವ ಮೈಗಳು ಕಿರಣದ ದಾರಿಯಿಂದ ಕನಿಷ್ಠ 131 ಮಿಲಿಮೀಟರ್ ದೂರ ಇರಬೇಕು ಎಂಬ ಲೆಕ್ಕ ಇದೇ ಭಯಕ್ಕೆ ಹುಟ್ಟಿದ್ದು. ಇನ್ನು ಪ್ರೆಸ್ ಬಡಿದಾಗ ಷೂಟ್ ನಡುಗುತ್ತದೆ, ಅಂಚಿನ ಕಿರಣ ಒಮ್ಮೆ ಕಡಿದು ಒಮ್ಮೆ ಬಿಡುತ್ತದೆ. ಅದಕ್ಕೆಂದು ಅಂಚಿನಲ್ಲಿ ಒಂದು ಕಿರಣದ ಸಡಿಲ ಕೊಡುವ ಅವಕಾಶ ಅನೇಕ ಪರದೆಗಳಲ್ಲಿದೆ. ಕೊಡಿ, ಆದರೆ ಆ ಅಂಚಿನಲ್ಲಿ ನಿಮ್ಮ ಜರಡಿಯ ಕಣ್ಣು 14ರಿಂದ 24 ಆಯಿತು ಎಂಬುದನ್ನೂ ಬರೆದಿಡಿ.

ಈ 24ರ ಮಾತೇ ತೇಲು ಬ್ಲ್ಯಾಂಕಿಂಗ್‌ನ ಮುಖ್ಯ ವಿಷಯ. ನನ್ನ ಆ ಹಳೆಯ ಪ್ರೆಸ್ಸಿಗೆ ಈಗ ಮರಳಬಹುದು.

ಪರದೆ ಡೈಯಿಂದ ಎಷ್ಟು ದೂರ ಇರಬೇಕು ಎಂಬುದಕ್ಕೆ ಐಎಸ್‌ಒ 13855 ಎಂಬ ಮಾನದಂಡದ 2010ರ ಆವೃತ್ತಿ ಒಂದು ಲೆಕ್ಕ ಕೊಡುತ್ತದೆ. ಕೈಯ ವೇಗವನ್ನು ನಿಲ್ಲಲು ಬೇಕಾದ ಒಟ್ಟು ಸಮಯದಿಂದ ಗುಣಿಸಿ, ಅದಕ್ಕೆ ಇನ್ನೊಂದು ಸಂಖ್ಯೆಯನ್ನು ಕೂಡಿಸಬೇಕು. ಕೈಯ ವೇಗ ಸೆಕೆಂಡಿಗೆ 2000 ಮಿಲಿಮೀಟರ್ ಎಂದು ಹಿಡಿಯುತ್ತಾರೆ. ದೂರ ಅರ್ಧ ಮೀಟರ್ ದಾಟಿದರೆ 1600. ಸಮಯವೆಂದರೆ ಪರದೆ, ಅದರ ಸೂಚನೆಯನ್ನು ಮಷಿನ್ನಿಗೆ ಮುಟ್ಟಿಸುವ ರಿಲೇ, ಬ್ರೇಕ್ ಮೂರೂ ಸೇರಿ. ನಮ್ಮ ಪ್ರೆಸ್ಸಿನಲ್ಲಿ ಪರದೆಗೆ 20 ಮಿಲಿಸೆಕೆಂಡ್, ರಿಲೇಗೆ 20, ಮೇಲೆ ಕೆಳಗೆ ಓಡಾಡುವ ಸ್ಲೈಡ್ ನಿಲ್ಲಲು 110, ಒಟ್ಟು 150. ಅಂದರೆ 0.15 ಸೆಕೆಂಡ್. 2000ದಿಂದ ಗುಣಿಸಿದರೆ 300 ಮಿಲಿಮೀಟರ್. ಇನ್ನು ಕೂಡಿಸಬೇಕಾದ ಸಂಖ್ಯೆ. ಅದು ರೆಸಲ್ಯೂಶನ್‌ನಿಂದ 14 ಕಳೆದು ಎಂಟರಿಂದ ಗುಣಿಸಿದಷ್ಟು. 14 ಮಿಲಿಮೀಟರಿನ ಪರದೆಗೆ ಅದು ಸೊನ್ನೆ. ಆದ್ದರಿಂದ 300 ಸಾಕು. ಪರದೆಯನ್ನು ಕಟ್ಟಿದವರು 310ರಲ್ಲಿ ಕಟ್ಟಿದ್ದರು. ಅವರ ಕೆಲಸ ಸರಿಯಾಗಿಯೇ ಇತ್ತು.

ಆಮೇಲೆ ಬೆಂಡಿಂಗ್ ಡೈ ಬಂತು. ತಗಡಿನ ತುದಿ ಏಳುವಾಗ ಕಿರಣ ಕಡಿಯುತ್ತಿತ್ತು. ಯಾರೋ ಒಬ್ಬರು ರಿಸೀವರ್‌ನ ಮುಚ್ಚಳ ತೆಗೆದು ಎರಡು ಕಿರಣ ತೇಲುವಂತೆ ಸ್ವಿಚ್ಚುಗಳನ್ನು ಸರಿಸಿದರು. ಆ ಮಾದರಿಯಲ್ಲಿ ಸ್ವಿಚ್ಚುಗಳು ಎರಡು ಜೋಡಿ. ಎರಡನ್ನೂ ಒಂದೇ ರೀತಿ ಇಡದಿದ್ದರೆ ಪರದೆ ಬೀಗ ಹಾಕಿಕೊಂಡು ಕೂರುತ್ತದೆ. ಅವರು ಅದನ್ನು ಸರಿಯಾಗಿಯೇ ಇಟ್ಟಿದ್ದರು, ಪಾಪ. ಮುಚ್ಚಳ ಹಾಕಿದರು. ಪ್ರೆಸ್ ಓಡಿತು. ಪರದೆ ಮಾತ್ರ 310ರಲ್ಲೇ ಉಳಿಯಿತು.

ಒಂದು ಕಿರಣ ತೇಲಿದರೆ 14 ಇದ್ದದ್ದು 24 ಆಗುತ್ತದೆ. ಎರಡು ತೇಲಿದರೆ 34. 34ರಿಂದ 14 ಕಳೆದರೆ 20, ಎಂಟರಿಂದ ಗುಣಿಸಿದರೆ 160. ಅಲ್ಲಿಗೆ ಬೇಕಾದ ದೂರ 460. ಇದ್ದದ್ದು 310. 150 ಮಿಲಿಮೀಟರ್ ಕಡಿಮೆ ದೂರದಲ್ಲಿ ಜನ ಆರು ತಿಂಗಳು ದುಡಿದರು, ಮತ್ತು ನನ್ನ ಹಾಳೆ ‘ಬ್ಲ್ಯಾಂಕಿಂಗ್ ಇಲ್ಲ’ ಎನ್ನುತ್ತಿತ್ತು.

ಆ 160 ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಕಾಗದದ ಮೇಲಿನ ಭಯವಲ್ಲವೇ ಎನ್ನುವವರೂ ಇದ್ದಾರೆ. ಮೇಜಿನ ಮೇಲಿನ ಪರದೆಯಲ್ಲಿ ಎರಡು ಕಿರಣ ತೇಲಿಸಿ ತೋರಿಸಿದೆ. ತೋರುಬೆರಳು ಒಳಗೆ ಹೋಯಿತು, ಹಸಿರು. ಎರಡು ಬೆರಳು ಪಕ್ಕಪಕ್ಕ ಮಲಗಿಸಿದರೂ ಹಸಿರು. ಅಂಗೈಯನ್ನು ನೆಲಕ್ಕೆ ಸಮನಾಗಿ ಹಿಡಿದು ನಿಧಾನವಾಗಿ ತೂರಿಸಿದಾಗ ಬೆರಳುಗಳು ಪೂರ್ತಿ ಒಳಗೆ ಹೋಗಿ, ಗೆಣ್ಣುಗಳು ದಾಟಿ, ಹೆಬ್ಬೆರಳಿನ ಬುಡ ಬಂದಾಗ ಕೆಂಪಾಯಿತು. ಒಳಗೆ ಹೋದ ಕೈಯನ್ನು ಟೇಪಿನಿಂದ ಅಳೆದು ನೋಡಿ, ಆ 160 ಏನೆಂದು ಯಾರೂ ಹೇಳಬೇಕಾಗಿಲ್ಲ. ಪರದೆ ಎಚ್ಚರಾಗುವ ಹೊತ್ತಿಗೆ ಕೈ ಅಷ್ಟು ಮುಂದೆ ಹೋಗಿರಬಹುದು. ಓಟದ ಲೆಕ್ಕ ಅಲ್ಲಿಂದ ಆರಂಭ.

ಮೂರನೆಯ ಕಿರಣವನ್ನೂ ತೇಲಿಸಿಬಿಟ್ಟರೆ? ರೆಸಲ್ಯೂಶನ್ 44 ಆಗುತ್ತದೆ. 40 ದಾಟಿದ ಮೇಲೆ ಅದು ಕೈ ಹಿಡಿಯುವ ಪರದೆಯೇ ಅಲ್ಲ ಎಂದು ಮಾನದಂಡ ಹೇಳುತ್ತದೆ. ಕೂಡಿಸಬೇಕಾದ ಸಂಖ್ಯೆ ಒಮ್ಮೆಲೇ 850ಕ್ಕೆ ಹಾರುತ್ತದೆ. 1600ರ ವೇಗದಿಂದ 240, ಅದಕ್ಕೆ 850, ಒಟ್ಟು 1090 ಮಿಲಿಮೀಟರ್. ಒಂದು ಮೀಟರಿಗಿಂತ ಹೆಚ್ಚು. ಎರಡಕ್ಕೆ 460 ಆದರೆ ಮೂರಕ್ಕೆ 540 ಇರಬಹುದು ಎಂದು ಮನಸ್ಸಿನಲ್ಲೇ ಕೂಡಿಸಿದವರು ಇಲ್ಲಿ ಎಡವುತ್ತಾರೆ. ಸ್ವಿಚ್ಚಿನಲ್ಲಿ ಅದು ಒಂದು ಮೆಟ್ಟಿಲು, ನೆಲದ ಮೇಲೆ ಅದು ಇನ್ನೊಂದು ಕೋಣೆ.

ಬ್ರೇಕ್ ಕೂಡ ಈ ಲೆಕ್ಕದೊಳಗಿನ ಜೀವಿ. 110 ಎಂಬುದು ಹೊಸ ಲೈನರ್ ಹಾಕಿದ ದಿನದ ಮಾತು. ಸವೆದು 160 ಆದರೆ, 50 ಮಿಲಿಸೆಕೆಂಡಿಗೆ 100 ಮಿಲಿಮೀಟರ್ ಹೆಚ್ಚು ಬೇಕು. ಪರದೆಯಲ್ಲಿ ಯಾವ ದೀಪವೂ ಇದನ್ನು ಹೇಳುವುದಿಲ್ಲ. ನಿಲ್ಲುವ ಸಮಯವನ್ನು ಅಳೆಯುವ ಮೀಟರ್ ಹಿಡಿದು ಅಳೆದರೆ ಮಾತ್ರ ತಿಳಿಯುತ್ತದೆ. ಮಷಿನ್ನಿನ ಪುಸ್ತಕದಲ್ಲಿ ಬರೆದದ್ದನ್ನೇ ಇಟ್ಟುಕೊಂಡು ಲೆಕ್ಕ ಮಾಡುವುದು, ಮದುವೆಯ ದಿನದ ತೂಕ ಹೇಳಿ ಇವತ್ತು ಅಂಗಿ ಹೊಲಿಸಿದಂತೆ.

ತೇಲು ಬ್ಲ್ಯಾಂಕಿಂಗ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ, ಹೆಸರುಗಳ ಗೊಂದಲದಿಂದ ಅದು ಮರೆಯಾಗುತ್ತದೆ. ಕೆಲವು ಪರದೆಗಳು ‘ಎರಡು ಕಿರಣ ಕಡಿದೇ ಇರಬೇಕು, ಎಲ್ಲಿ ಎಂಬುದು ನಿಮಗೆ ಬಿಟ್ಟದ್ದು’ ಎನ್ನುತ್ತವೆ. ತಗಡು ತೆಗೆದರೆ ನಿಲ್ಲುತ್ತವೆ. ಇನ್ನು ಕೆಲವು ‘ಎರಡರವರೆಗೆ ಕಡಿದರೂ ಸರಿ, ಕಡಿಯದಿದ್ದರೂ ಸರಿ’ ಎನ್ನುತ್ತವೆ. ಎರಡನೆಯದನ್ನು ಕಡಿಮೆ ರೆಸಲ್ಯೂಶನ್ ಎಂದು ಕರೆಯುವ ಕಂಪನಿಗಳಿವೆ, ಅದನ್ನೇ ತೇಲು ಬ್ಲ್ಯಾಂಕಿಂಗ್ ಎನ್ನುವ ಕಂಪನಿಗಳೂ ಇವೆ. ಹೆಸರನ್ನು ನಂಬದೆ, ನಿಮ್ಮ ಕೈಯಲ್ಲಿರುವ ಮಾದರಿಯ ಪುಸ್ತಕ ತೆರೆದು, ವಸ್ತು ಇಲ್ಲವಾದಾಗ ಏನಾಗುತ್ತದೆ ಎಂಬ ಒಂದು ವಾಕ್ಯವನ್ನು ಹುಡುಕಿ.

ಕೊನೆಗೆ ಆ ಕೋಲಿನ ಮಾತು. ಪರದೆ ಕೊಂಡಾಗ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಒಂದು ದುಂಡು ಕೋಲು ಬರುತ್ತದೆ, ಪರದೆಯ ರೆಸಲ್ಯೂಶನ್ ಎಷ್ಟೋ ಅಷ್ಟೇ ದಪ್ಪ. ಶಿಫ್ಟ್ ಆರಂಭದಲ್ಲಿ, ಡೈ ಬದಲಾದ ಮೇಲೆ, ಅದನ್ನು ಪರದೆಯಲ್ಲಿ ಮೇಲಿನಿಂದ ಕೆಳಗೆ ನಿಧಾನವಾಗಿ ಸರಿಸಬೇಕು. ಒಮ್ಮೆ ಈ ಕಂಬದ ಹತ್ತಿರ, ಒಮ್ಮೆ ಆ ಕಂಬದ ಹತ್ತಿರ, ಒಮ್ಮೆ ನಡುವೆ. ಉದ್ದಕ್ಕೂ ಕೆಂಪು ಇರಬೇಕು, ಎಲ್ಲೂ ಹಸಿರು ಮಿಂಚಬಾರದು. ಸ್ಥಿರ ಬ್ಲ್ಯಾಂಕಿಂಗ್ ಇದ್ದರೆ ಷೂಟ್‌ನ ಸುತ್ತಲಿನ ಅಂಚುಗಳಲ್ಲೂ ಹೀಗೆಯೇ. ಎರಡು ಕಿರಣ ತೇಲಿಸಿದ ಪರದೆಯಲ್ಲಿ 14ರ ಕೋಲು ತೂರಿಸಿದರೆ ಹಸಿರೇ ಇರುತ್ತದೆ. ಅಲ್ಲಿಗೆ 34ರ ಕೋಲು ಬೇಕು. ಅದನ್ನು ಮಾಡಿಸಿ, ಅಳತೆಯನ್ನು ಅದರ ಮೇಲೆಯೇ ಕೆತ್ತಿಸಿ, ಪ್ರೆಸ್ಸಿನ ಪಕ್ಕದ ಮೊಳೆಗೆ ನೇತುಹಾಕಬೇಕು. ಹಾಗೆ ಮಾಡದಿದ್ದರೆ ಆಪರೇಟರ್ ತೆಳು ಕೋಲು ತೂರಿಸುತ್ತಾನೆ, ಹಸಿರು ಕಾಣುತ್ತಾನೆ, ‘ಇದು ಯಾವಾಗಲೂ ಹೀಗೆಯೇ’ ಎಂದುಕೊಳ್ಳುತ್ತಾನೆ. ಅವತ್ತಿನಿಂದ ಆ ಕೋಲು ಕಿಟಕಿಗೆ ಆಸರೆ. ಜೊತೆಗೆ ಒಂದು ಚೀಟಿ ಅಂಟಿಸಿ: ಯಾವ ಬಗೆ, ಎಷ್ಟು ಕಿರಣ, ಈಗಿನ ರೆಸಲ್ಯೂಶನ್, ಬೇಕಾದ ದೂರ, ಇರುವ ದೂರ, ದಿನಾಂಕ, ಸಹಿ. ಮರಾಠಿಯಲ್ಲೂ ಬರೆಯಿರಿ, ಹಿಂದಿಯಲ್ಲೂ ಬರೆಯಿರಿ. ನಾನು ಅವತ್ತು ಬಾಯಿಮಾತಿನಲ್ಲಿ ಕೇಳಿದ್ದನ್ನು ಆ ಚೀಟಿ ನೋಡಿ ತಿಳಿದುಕೊಳ್ಳಬಹುದಾಗಿತ್ತು.

ಪ್ರಶ್ನೆಗಳು ಬಂದವು. ಚಾಕಣದಲ್ಲಿ ಕೆಲಸ ಮಾಡುವ ಒಬ್ಬ ಯುವತಿ, ಮ್ಯೂಟಿಂಗ್‌ಗೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಿದರು. ಬ್ಲ್ಯಾಂಕಿಂಗ್ ಪರದೆಯ ಒಂದು ಭಾಗಕ್ಕೆ, ಅದು ಯಾವಾಗಲೂ ಇರುತ್ತದೆ. ಮ್ಯೂಟಿಂಗ್ ಸಾಮಾನ್ಯವಾಗಿ ಇಡೀ ಪರದೆಗೆ, ಆದರೆ ಸ್ವಲ್ಪ ಹೊತ್ತು, ಅಪಾಯವಿಲ್ಲದ ಹಂತದಲ್ಲಿ ಮಾತ್ರ. ಪ್ರೆಸ್ ಮೇಲೇಳುವಾಗ ಕೈ ಹಾಕಿ ತುಂಡು ತೆಗೆಯುವುದು ಅಂಥದ್ದು. ಅದರ ಸೆನ್ಸರುಗಳ ಕಥೆ ಇನ್ನೊಂದು ಭಾನುವಾರದ್ದು ಎಂದೆ.

ಸ್ವಂತ ವರ್ಕ್‌ಶಾಪ್ ಇರುವವರೊಬ್ಬರು ಸ್ವಲ್ಪ ಬೇಸರದಿಂದಲೇ ಎದ್ದರು. “460ರಷ್ಟು ದೂರದಿಂದ ನನ್ನ ಹುಡುಗ ಪ್ರತಿ ಸ್ಟ್ರೋಕ್‌ಗೂ ಬಗ್ಗಿ ಕೈ ಚಾಚಬೇಕು. ದಿನದ ಕೊನೆಗೆ ಅವನ ಸೊಂಟ ಉಳಿಯುವುದಿಲ್ಲ, ನನ್ನ ಲೆಕ್ಕವೂ ಉಳಿಯುವುದಿಲ್ಲ.” ಅವರ ಮಾತು ನಿಜ. ಅಷ್ಟು ದೂರ ಬಿಟ್ಟರೆ ಪರದೆಗೂ ಪ್ರೆಸ್ಸಿಗೂ ನಡುವೆ ಯಾರಾದರೂ ಒಳಗೆ ಸೇರಿ ನಿಲ್ಲುವ ಇನ್ನೊಂದು ಅಪಾಯವೂ ಹುಟ್ಟುತ್ತದೆ. ಆದರೆ ದೂರವನ್ನು ಕದಿಯುವ ಬದಲು ಸಂಪಾದಿಸುವ ದಾರಿಗಳಿವೆ. ಬ್ರೇಕ್ ಸರಿಪಡಿಸಿ 110ನ್ನು 80ಕ್ಕೆ ಇಳಿಸಿದರೆ 60 ಮಿಲಿಮೀಟರ್ ವಾಪಸು ಬರುತ್ತದೆ. ತಗಡಿನ ತುದಿ ಏಳುವ ಜಾಗ ಯಾವಾಗಲೂ ಒಂದೇ ಆಗಿದ್ದರೆ, ಇಡೀ ಪರದೆಯನ್ನು ತೇಲಿಸುವ ಅಗತ್ಯವೇ ಇಲ್ಲ. ಆ ಪಟ್ಟಿಯಲ್ಲಿ ಮಾತ್ರ ತೇಲುವಂತೆ ಮಾಡಬಲ್ಲ ಮಾದರಿಗಳಿವೆ. ಎಲ್ಲಕ್ಕಿಂತ ಅಗ್ಗದ ದಾರಿ ಡೈಯದ್ದು. ನಮ್ಮ ಆ ಪ್ರೆಸ್ಸಿನಲ್ಲಿ ಕೊನೆಗೆ ಹಾಗೆಯೇ ಮಾಡಿದೆವು. ಡೈಯನ್ನು ತಿರುಗಿಸಿ ಕಟ್ಟಿದಾಗ ತಗಡಿನ ತುದಿ ಹಿಂದಕ್ಕೆ ಏಳತೊಡಗಿತು, ಕಿರಣದ ಹತ್ತಿರವೇ ಬರಲಿಲ್ಲ. ಸ್ವಿಚ್ಚುಗಳನ್ನು ಮೊದಲಿನಂತೆ ಇಟ್ಟೆವು. 310 ಮತ್ತೆ ಸಾಕಾಯಿತು. ತಿರುಗಿಸಿ ಕಟ್ಟಬಹುದು ಎಂದು ಹೇಳಿದ್ದು ನಾನಲ್ಲ, ಅದೇ ಸೆಟ್ಟರ್. ಬ್ಲ್ಯಾಂಕಿಂಗ್ ಆ ಮೂಲೆಯಲ್ಲಿದೆ ಎಂದು ನನಗೆ ದಾರಿ ತೋರಿಸಿದವನು. ಆರು ತಿಂಗಳ ಹಿಂದೆ ಸರಿಯಾದ ಪ್ರಶ್ನೆ ಕೇಳಿದ್ದರೆ ಅವತ್ತೇ ಹೇಳುತ್ತಿದ್ದನೇನೋ.

ಸಭೆ ಮುಗಿದು ಚಹಾ ಬಂದಾಗ, ಇಂಡಿ ತಾಲೂಕಿನಿಂದ ಬಂದು ಭೋಸರಿಯಲ್ಲೇ ತಲೆ ಹಣ್ಣಾದ ಒಬ್ಬ ಹಿರಿಯ ಸೆಟ್ಟರ್ ನನ್ನ ಹತ್ತಿರ ಬಂದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ, ನಾನೂ ಹಾಗೆಯೇ ಅನ್ನುತ್ತೇನೆ. ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದರು. ಅವರ ಪ್ರೆಸ್, ಅದರ ಷೂಟ್, ಎರಡು ಹಳದಿ ಕಂಬಗಳು.

“ಕಂಬದಿಂದ ಕಂಬಕ್ಕೆ ಎಷ್ಟು, ಕಾಕಾ?”

“ಒಂಬೈನೂರು.”

“ಷೂಟ್?”

“ನಾನೂರು. ಸರಿಯಾಗಿ ನಡುವೆ ಇದೆ.” ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಮುಂದುವರಿಸಿದರು. “ಆ ಕಡೆ ಇನ್ನೂರೈವತ್ತು, ಈ ಕಡೆ ಇನ್ನೂರೈವತ್ತು. ಅಲ್ಲೇನೂ ಇಲ್ಲ.”

ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಎರಡು ರೆಕ್ಕೆಗಳನ್ನು ಬರೆದು ಕೊಟ್ಟೆ. ಎರಡು ಮಿಲಿಮೀಟರ್ ದಪ್ಪದ ತಗಡು, ಷೂಟ್‌ನಷ್ಟೇ ಎತ್ತರ, ಎರಡು ಬದಿಗೂ ಕಂಬದ ಬುಡದವರೆಗೆ. ಬೋಲ್ಟ್ ಎಲ್ಲಿ ಹಾಕಲಿ, ಪ್ರೆಸ್ಸಿನ ಬಾಡಿಗೇ ಎಂದು ಕೇಳಿದರು. ಬೇಡ ಕಾಕಾ, ಬೋಲ್ಟೇ ಬೇಡ, ಷೂಟ್‌ಗೆ ವೆಲ್ಡ್ ಮಾಡಿಸಿ ಎಂದೆ. ರೆಕ್ಕೆ ಬೇಡವಾದರೆ ಷೂಟ್ ಸಮೇತ ಬಿಚ್ಚಬೇಕು, ಷೂಟ್ ಹೋದರೆ ಕೆಂಪು ದೀಪ ಬರುತ್ತದೆ. ಅವರು ಚಿತ್ರವನ್ನು ತಿರುಗಿಸಿ ನೋಡಿದರು. ಡೈ ಬದಲಿಸುವಾಗ ಇಷ್ಟು ಅಗಲದ್ದನ್ನು ಒಬ್ಬನೇ ಎತ್ತಲಾಗುವುದಿಲ್ಲ, ಎರಡು ಹಿಡಿಕೆ ಇರಲಿ ಎಂದು, ನನ್ನ ಪೆನ್ನನ್ನೇ ತೆಗೆದುಕೊಂಡು ರೆಕ್ಕೆಗಳ ಮೇಲೆ ಎರಡು ಹಿಡಿಕೆ ಬರೆದುಕೊಂಡರು.